ಉತ್ತರಾಯಣ ಅಳೆದ ಚಳಿಗಾಲ

ಊಟದ ಗಂಟೆ ಬಾರಿಸಿದರೆ ಪಾಠಶಾಲೆಯ ಅಂಗಳ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬರಿದಾಗುತ್ತಿತ್ತು. ಹುಡುಗರು ಬಾವಿಕಟ್ಟೆಯಲ್ಲಿ ಕಾಲು ತೊಳೆದು, ಒದ್ದೆ ಹೆಜ್ಜೆ ಮೂಡಿಸುತ್ತ ಒಳಗೆ ಹೋಗಿ ಪಂಕ್ತಿಯಲ್ಲಿ ಕೂರುತ್ತಿದ್ದರು. ಪಂಡಿತರೆಲ್ಲ ಹೋಗುತ್ತಿದ್ದರು. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಳಗಿನಿಂದ ಎಲೆಯ ಸುತ್ತ ನೀರು ಬಿಡುವ ಪರಿಷೇಚನೆಯ ಮಂತ್ರ, ಆಮೇಲೆ ಸಾರಿನ ಒಗ್ಗರಣೆಯ ವಾಸನೆ. ಹೊರಗೆ ಉಳಿಯುತ್ತಿದ್ದವನು ನಾನೊಬ್ಬನೇ. ಅಂಗಳದ ಮೂಲೆಯ ಹೊಂಗೆಮರದ ಕೆಳಗೆ ಕೂತು, ತಂದಿದ್ದ ತಗಡಿನ ಡಬ್ಬಿ ಬಿಚ್ಚುತ್ತಿದ್ದೆ.

ಅದು ಯುದ್ಧದ ಕಾಲ. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಕೆರೆ ಏರಿ ಹಿಡಿದು ಒಳಕ್ಕೆ ನಡೆದರೆ ಆ ಅಗ್ರಹಾರ ಸಿಗುತ್ತಿತ್ತು. ಅಲ್ಲಿನ ಸಂಸ್ಕೃತ ಪಾಠಶಾಲೆ ಹೈಸ್ಕೂಲಾಗಿ ಮಾನ್ಯತೆ ಕೇಳಿತ್ತು. ವಿಜ್ಞಾನಕ್ಕೆ ಪದವಿ ಪಡೆದ ಮೇಷ್ಟ್ರು ಇಲ್ಲದೆ ಮಾನ್ಯತೆ ಇಲ್ಲ ಎಂದು ಇಲಾಖೆ ಹೇಳಿತ್ತು. ಪದವೀಧರರೆಲ್ಲ ಮಿಲಿಟರಿಗೋ ಬೆಂಗಳೂರಿನ ಕಾರ್ಖಾನೆಗಳಿಗೋ ಸೇರುತ್ತಿದ್ದ ಹೊತ್ತು; ಆ ಮೂಲೆಗೆ ಬರಲು ಯಾರೂ ಒಪ್ಪಲಿಲ್ಲ. ನಾನು ಒಪ್ಪಿದೆ. ನಾನು ಗುಮ್ಮಳಾಪುರದ ಕಡೆಯ ಒಕ್ಕಲು ಮನೆಯವನು. ಪಾಠಶಾಲೆಯನ್ನು ನಡೆಸುತ್ತಿದ್ದ ಜಮೀನ್ದಾರರಾದ ಧರ್ಮದರ್ಶಿಗಳು ಮೊದಲ ದಿನವೇ ಎಲ್ಲವನ್ನೂ ಸ್ಪಷ್ಟಪಡಿಸಿದರು.

"ನೋಡಿ, ಮಕ್ಕಳು ಮಡೀಲಿರ್ತಾರೆ. ಊಟದ ಮನೆ, ಬಾವಿ, ದೇವರ ಪಕ್ಕದ ಸಭಾಮಂಟಪ, ಈ ಮೂರು ಬಿಟ್ಟು ಮಿಕ್ಕ ಕಡೆಯೆಲ್ಲ ನಿಮ್ಮದೇ ಶಾಲೆ ಅಂದ್ಕೊಳ್ಳಿ."

ಗದರಿ ಹೇಳಿದ್ದಲ್ಲ, ಮಳೆ ಬಂದರೆ ಕೊಡೆ ಹಿಡಿಯಿರಿ ಎನ್ನುವಷ್ಟು ಸಹಜವಾಗಿ ಹೇಳಿದರು. ನಾನೂ ತಲೆಯಾಡಿಸಿದೆ.

ಅಗ್ರಹಾರದ ಆಚೆ ಒಕ್ಕಲಗೇರಿಯಲ್ಲಿ ಒಬ್ಬ ವಿಧವೆ ಅಜ್ಜಿಯ ಮನೆಯ ಮುಂದಿನ ಕೋಣೆಯಲ್ಲಿ ನನ್ನ ವಾಸ. ಬೆಳಿಗ್ಗೆ ಮುದ್ದೆ ಕಟ್ಟಿಕೊಟ್ಟು ಕಳಿಸುತ್ತಿದ್ದಳು. ಆ ಕೇರಿಯವರಿಗೆ ನಾನು ಐನೋರ ಸ್ಕೂಲಿನ ಮೇಷ್ಟ್ರು. ಹತ್ತಿರ ಕೂತು ಮಾತಾಡಲು ಅವರಿಗೆ ಸಂಕೋಚ. ಅಗ್ರಹಾರದವರಿಗೆ ನಾನು ಒಕ್ಕಲಗೇರಿಯವನು. ಭಾನುವಾರ ಬಂದರೆ ಸಂಜೆಯವರೆಗೆ ಒಂದು ಮಾತೂ ಆಡದೆ ಇದ್ದದ್ದುಂಟು. ಸೋಮವಾರ ತರಗತಿಯಲ್ಲಿ ಬಾಯಿ ತೆರೆದರೆ ಮೊದಲ ಮಾತಿಗೆ ಗಂಟಲು ಕಟ್ಟಿಕೊಂಡಿರುತ್ತಿತ್ತು.

ಕಲಿಸುವುದೂ ಸುಲಭವಿರಲಿಲ್ಲ. ಹುಡುಗರು ದಡ್ಡರಲ್ಲ. ಒಂದು ನಿಯಮವನ್ನು ಬೆಳಿಗ್ಗೆ ಹೇಳಿದರೆ ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಬಾಯಿಪಾಠ. ತೇಲುವ ವಸ್ತುಗಳ ನಿಯಮವನ್ನು ವೇದದ ಪದಗಳಂತೆ ಹಿಂದುಮುಂದಾಗಿಯೂ ಹೇಳಬಲ್ಲವರಾಗಿದ್ದರು. ಆದರೆ ನೀರಿನ ಬೋಗುಣಿಯಲ್ಲಿ ಮರದ ತುಂಡು ತೇಲಿಸಿ, "ಇದರ ಎಷ್ಟು ಭಾಗ ಮುಳುಗಿದೆ ನೋಡಿ" ಎಂದರೆ ಯಾರೂ ಮುಂದೆ ಬರುತ್ತಿರಲಿಲ್ಲ. ಆ ನೀರನ್ನು ನಾನು ಮುಟ್ಟಿದ್ದೆ. ಆಮೇಲೆ ನೀರು ತರುವುದು, ಸುರಿಯುವುದು, ಚೆಲ್ಲುವುದು ಎಲ್ಲ ಹುಡುಗರ ಕೆಲಸವಾಯಿತು. ನಾನು ಕೈಕಟ್ಟಿ ದೂರ ನಿಂತು, ಇನ್ನೂ ಸ್ವಲ್ಪ, ಸಾಕು, ಈಗ ಬಿಡು ಎಂದು ಬಾಯಲ್ಲೇ ಪ್ರಯೋಗ ನಡೆಸುತ್ತಿದ್ದೆ. ಪದವಿಯ ತರಗತಿಯಲ್ಲಿ ಸ್ವಂತ ಕೈಯಿಂದ ಮಾಡಿದ್ದನ್ನು ಹೀಗೆ ಮಾತಿನಲ್ಲಿ ಮಾಡಿಸುವುದು ಕೈ ಕಳೆದುಕೊಂಡವನ ಪಾಡಿನಂತಿತ್ತು.

ಕಾರ್ತಿಕ ಮಾಸದಲ್ಲಿ ಒಂದು ದಿನ ಭೂಮಿಯ ಚಲನೆಯ ಪಾಠ. ಡಿಸೆಂಬರ್ ಇಪ್ಪತ್ತೆರಡರ ಸುಮಾರಿಗೆ ಸೂರ್ಯ ದಕ್ಷಿಣದ ಕೊನೆ ಮುಟ್ಟಿ ಉತ್ತರಕ್ಕೆ ತಿರುಗುತ್ತಾನೆ ಎಂದೆ. ತರಗತಿಯಲ್ಲಿ ಗುಸುಗುಸು ಎದ್ದಿತು. ಹಿಂದಿನ ಬೆಂಚಿನಿಂದ ತರ್ಕದ ವಿದ್ಯಾರ್ಥಿ ಎದ್ದು ನಿಂತ. ಹುಡುಗರಲ್ಲೇ ದೊಡ್ಡವನು, ಮಾತಿನಲ್ಲಿ ಚೂಪು. ಬೇರೆಯವರೆಲ್ಲ ಅವನ ಮುಖ ನೋಡಿಯೇ ನಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು.

"ಸಾರ್, ಉತ್ತರಾಯಣ ಸಂಕ್ರಾಂತಿ ದಿನ ಅಲ್ವಾ? ಅದು ಜನವರೀಲಿ ಬರುತ್ತೆ."

"ಪುಸ್ತಕದಲ್ಲಿ ಹೀಗಿದೆಯಪ್ಪ."

"ನಮ್ಮ ಪುಸ್ತಕದಲ್ಲಿ ಹಾಗಿದೆ ಸಾರ್." ಇಡೀ ತರಗತಿ ನಕ್ಕಿತು.

ಅವನ ಮಾತು ನನಗೆ ತಟ್ಟಿತು. ನಾನು ಪುಸ್ತಕ ತೋರಿಸಿದೆ, ಅವನು ಪುಸ್ತಕ ತೋರಿಸಿದ. ಇಬ್ಬರೂ ಆಕಾಶ ನೋಡಿರಲಿಲ್ಲ. "ಹಾಗಾದರೆ ಅಳೆಯೋಣ" ಎಂದುಬಿಟ್ಟೆ.

ಆ ವಾರವೇ ಅಂಗಳದ ನಡುವೆ ಒಂದು ಸರ್ವೆಮರದ ಕಂಬ ನೆಟ್ಟೆ, ನನ್ನ ತಲೆಗಿಂತ ಒಂದು ಮೊಳ ಎತ್ತರದ್ದು. ಅದರ ಉತ್ತರಕ್ಕೆ ಗಾರೆಯ ಜಗಲಿ ಹಾಕಿಸಿದೆ. ಹುಡುಗರಿಂದ ಅದರ ಮೇಲೆ ನೀರು ಹುಯ್ಯಿಸಿ, ನೀರು ಯಾವ ಕಡೆಗೂ ಓಡದೆ ನಿಲ್ಲುವವರೆಗೆ ಉಜ್ಜಿಸಿ ಮಟ್ಟ ಮಾಡಿಸಿದೆ. ನನ್ನ ಯೋಚನೆ ಸರಳ: ದಿನಾ ನಡುಹಗಲಿಗೆ ನೆರಳಿನ ತುದಿ ಗುರುತಿಸುವುದು. ಸೂರ್ಯ ದಕ್ಷಿಣಕ್ಕೆ ಹೋದಷ್ಟೂ ನೆರಳು ಉದ್ದವಾಗುತ್ತದೆ. ತಿರುಗಿದ ದಿನದಿಂದ ಗಿಡ್ಡವಾಗತೊಡಗುತ್ತದೆ.

ಮೊದಲನೆಯ ತೊಡಕು ನಡುಹಗಲು ಯಾವಾಗ ಎಂಬುದೇ. ಗಡಿಯಾರ ನಂಬುವಂತಿರಲಿಲ್ಲ, ಯುದ್ಧದ ದೆಸೆಯಿಂದ ಸರ್ಕಾರ ಗಡಿಯಾರವನ್ನೇ ಮುಂದಕ್ಕೆ ಹಾಕಿಸಿತ್ತು. ಅದನ್ನು ಯೋಚಿಸುತ್ತ ನಿಂತಿದ್ದಾಗ ಹೆಡ್ ಪಂಡಿತರು ಬಂದರು. ತರ್ಕಶಾಸ್ತ್ರ ಕಲಿಸುತ್ತಿದ್ದ ಹಿರಿಯರು, ಪಾಠಶಾಲೆಯಲ್ಲಿ ಅವರ ಮಾತೇ ಕೊನೆ. ಅಂಗಳದಲ್ಲಿ ಕಂಬ ಯಾಕೆ ಎಂದು ಕೇಳಲು ಬಂದವರು, ಕೇಳಿ ತಿಳಿದ ಮೇಲೆ ಹೋಗಲಿಲ್ಲ.

"ದಿಕ್ಕು ಹ್ಯಾಗೆ ಗೊತ್ತು ಮಾಡ್ಕೊಂಡ್ರಿ ಮೇಷ್ಟ್ರೇ?"

"ದಿಕ್ಸೂಚಿ ಇದೆ, ಪಂಡಿತರೇ."

"ಅದು ಬೇಡ. ಈ ಕಂಬವೇ ಶಂಕು, ಇದರ ಸುತ್ತ ಒಂದು ವೃತ್ತ ಎಳೀರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದ ಒಳಕ್ಕೆ ಬರೋ ಜಾಗ ಒಂದು, ಮಧ್ಯಾಹ್ನದ ಮೇಲೆ ಹೊರಕ್ಕೆ ಹೋಗೋ ಜಾಗ ಒಂದು. ಎರಡಕ್ಕೂ ನೆರಳು ಸಮ. ಅವೆರಡರ ನಟ್ಟನಡುವೆ ಹಾದು ಹೋಗೋದೇ ದಕ್ಷಿಣೋತ್ತರ ರೇಖೆ. ನೆರಳು ಅದರ ಮೇಲೆ ಬಿದ್ದಾಗ ನಡುಹಗಲು."

ಹಾಗೇ ಮಾಡಿದೆ. ರೇಖೆ ಕೂದಲೆಳೆಯಂತೆ ಸರಿಯಾಗಿ ಬಂತು.

ಎರಡನೆಯ ತೊಡಕು ನೆರಳಿನ ತುದಿ. ಹತ್ತಿರ ಬಗ್ಗಿ ನೋಡಿದರೆ ಅದಕ್ಕೆ ತುದಿಯೇ ಇಲ್ಲ. ಕಪ್ಪು ನಿಧಾನವಾಗಿ ಬೂದಾಗಿ, ಬೂದು ಬಿಸಿಲಾಗಿ ಕರಗುತ್ತದೆ. ಒಬ್ಬ ಹುಡುಗ ಇಲ್ಲಿ ಎಂದರೆ ಇನ್ನೊಬ್ಬ ಬೆರಳಗಲ ಆಚೆ ಎನ್ನುತ್ತಿದ್ದ. ನಾವು ಹಿಡಿಯಬೇಕಾದ ವ್ಯತ್ಯಾಸವೇ ದಿನಕ್ಕೆ ಅದಕ್ಕಿಂತ ಕಡಿಮೆ. ತರ್ಕದ ವಿದ್ಯಾರ್ಥಿ ಕೈಕಟ್ಟಿ ನಿಂತು, "ಪ್ರಮಾಣವೇ ಮಸುಕು ಸಾರ್" ಎಂದ. ಎರಡು ದಿನ ತಲೆ ಕೆಡಿಸಿಕೊಂಡು, ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ ನಡುವೆ ಮೊಳೆಯಿಂದ ಒಂದು ತೂತು ಮಾಡಿ, ಕಂಬದ ತಲೆಗೆ ಬಿಸಿಲಿಗೆ ಮುಖಮಾಡಿ ಬಡಿದೆ. ತೂತಿನಿಂದ ನೂಲು ಇಳಿಬಿಟ್ಟು ಬುಡದ ಬಿಂದು ಗುರುತಿಸಿದೆ. ಈಗ ತಗಡಿನ ನೆರಳಿನ ನಡುವೆ ಒಂದು ದುಂಡನೆಯ ಬೆಳಕಿನ ಬಿಲ್ಲೆ ಬೀಳುತ್ತಿತ್ತು. ಅದು ಸೂರ್ಯನದೇ ಬಿಂಬ. ಅದರ ನಡುಬಿಂದುವನ್ನು ಯಾರು ಗುರುತಿಸಿದರೂ ಒಂದೇ ಜಾಗಕ್ಕೆ ಬರುತ್ತಿತ್ತು.

ಮೂರನೆಯ ತೊಡಕಿಗೆ ಉಪಾಯ ಕಾಣಲಿಲ್ಲ. ಯುದ್ಧದ ಗಡಿಯಾರ ಬಂದ ಮೇಲೂ ಪಾಠಶಾಲೆಯ ಊಟ ಮಾತ್ರ ಸೂರ್ಯನನ್ನೇ ನೋಡಿಕೊಂಡು ನಡೆಯುತ್ತಿತ್ತು. ಬಿಲ್ಲೆ ರೇಖೆ ದಾಟುವ ಹೊತ್ತಿಗೇ ಊಟದ ಗಂಟೆ. ಹುಡುಗರು ಓಡುತ್ತಿದ್ದರು. ಬೆಳಕು ರೇಖೆಗೆ ಬರುವುದನ್ನು ಕಾಯುತ್ತ, ಗಾರೆಯ ಮೇಲೆ ಗೀರು ಎಳೆಯುತ್ತ ನಾನೊಬ್ಬನೇ ಮೊಣಕಾಲೂರಿ ಕೂತಿರುತ್ತಿದ್ದೆ. ಒಳಗೆ ನೂರು ಬಾಯಿ ಒಟ್ಟಿಗೆ ಉಣ್ಣುವ ಸದ್ದು. ಆ ಗೀರುಗಳನ್ನು ನಾಳೆ ನಂಬುವವರಾರು ಎಂದು ಅನಿಸುತ್ತಿತ್ತು.

ಒಂದು ಸಂಜೆ ಅಜ್ಜಿ ತಡೆಯಲಾರದೆ ಕೇಳಿದಳು. "ಏನ್ ಮೇಷ್ಟ್ರೇ, ಬಿಸಿಲಾಗೆ ಒಬ್ನೇ ಕುಂತ್ಕಂಡು ಕಂಬ ಕಾಯ್ತೀಯಂತೆ? ನೀರ್ ತರಾಕ್ ವೋದ್ ಎಂಗುಸ್ರೆಲ್ಲಾ ಏಳ್ಕಂಡ್ ನಗ್ತವ್ರೆ."

"ಸೂರ್ಯ ಯಾವತ್ತು ತಿರುಗ್ತಾನೆ ಅಂತ ನೋಡ್ತಿದೀನಿ ಅಜ್ಜಿ."

"ಅವ್ನು ತಿರುಗ್ಲಿ ಬುಡು, ತಿರುಗ್ದೆ ಎಲ್ಲೋಯ್ತಾನೆ. ನೀನು ಒತ್ತಿಗ್ ಸರ್ಯಾಗಿ ಉಣ್ಣು. ಡಬ್ಬೀನಾಗೆ ಅರ್ಧ ಮುದ್ದೆ ಅಂಗೇ ವಾಪಸ್ ಬತ್ತದೆ."

ಒಬ್ಬನೇ ಉಣ್ಣುವಾಗ ಹಸಿವೂ ಬೇಗ ಮುಗಿದುಹೋಗುತ್ತದೆ.

ಕೆಲವು ದಿನ ಕಳೆದ ಮೇಲೆ ಹೆಡ್ ಪಂಡಿತರು ಊಟದ ಗಂಟೆಗೆ ಒಳಗೆ ಹೋಗದೆ ಅಂಗಳಕ್ಕೆ ಬಂದರು. ತಲೆಯ ಮೇಲೆ ಉತ್ತರೀಯ ಹೊದ್ದು ಜಗಲಿಯ ಆ ಪಕ್ಕದಲ್ಲಿ ನಿಂತರು. ಬಿಲ್ಲೆ ರೇಖೆಗೆ ಬಂದಾಗ "ಈಗ" ಎಂದರು. ನಾನು ಗೀರು ಹಾಕಿದೆ. ಅವರು ಊಟಕ್ಕೆ ಹೋದರು. ಮಾರನೆಯ ದಿನವೂ ಬಂದರು. ಆಮೇಲೆ ಅವರಿಲ್ಲದೆ ಒಂದು ಗೀರೂ ಬೀಳಲಿಲ್ಲ. ನಮ್ಮ ನಡುವೆ ನಡೆಯುತ್ತಿದ್ದ ಮಾತು ಬಹುಮಟ್ಟಿಗೆ ಆ ಒಂದೇ: "ಈಗ." ಅಷ್ಟಕ್ಕೇ ನಾನು ಬೆಳಿಗ್ಗೆಯಿಂದ ಕಾಯುತ್ತಿದ್ದೆ.

ಧನುರ್ಮಾಸ ಬಂತು. ಬೆಳಗಿನ ಜಾವದ ಪೂಜೆ, ಹುಗ್ಗಿಯ ವಾಸನೆ, ಚಳಿ. ಗೀರುಗಳು ದಿನದಿಂದ ದಿನಕ್ಕೆ ಕಂಬದಿಂದ ದೂರ ಸರಿಯುತ್ತಿದ್ದವು, ಆದರೆ ಹೆಜ್ಜೆ ಸಣ್ಣದಾಗುತ್ತ, ಒಂದಕ್ಕೊಂದು ಅಂಟಿಕೊಳ್ಳುವಷ್ಟು ಹತ್ತಿರವಾಗುತ್ತ. ತಿರುವು ಹತ್ತಿರ ಬಂದಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಮೋಡ ಕವಿಯಿತು. ಮದ್ರಾಸಿನ ಕಡೆ ಸಮುದ್ರದಲ್ಲಿ ಚಂಡಮಾರುತವಂತೆ. ಜಿನುಗು ಮಳೆ, ಕಂಬಳಿಯಂಥ ಆಕಾಶ. ದಿನಾ ನಡುಹಗಲಿಗೆ ನಾವಿಬ್ಬರೂ ಒದ್ದೆ ಜಗಲಿಯ ಎರಡು ಬದಿಗೆ ನಿಂತು, ಬೀಳದ ಬೆಳಕಿಗೆ ಕಾದು ಹಿಂತಿರುಗುತ್ತಿದ್ದೆವು. ಇಪ್ಪತ್ತೆರಡು ಬಂತು, ಹೋಯಿತು. ಕ್ರಿಸ್‌ಮಸ್ ಕಳೆದ ಮೇಲೆ ಬಿಸಿಲು ಬಿದ್ದಾಗ ಬಿಲ್ಲೆ ಹಳೆಯ ಗೀರುಗಳ ನಡುವೆ ಕೂತಿತು. ನೆರಳು ಆಗಲೇ ಹಿಂತಿರುಗಿ ಬರುತ್ತಿತ್ತು. ತಿರುಗಿದ್ದನ್ನು ಯಾರೂ ನೋಡಿರಲಿಲ್ಲ.

"ಕಾಣದ್ದನ್ನು ಕಂಡೆ ಅಂತ ಹೇಳೋ ಹಾಗಿಲ್ಲ ಸಾರ್" ಎಂದ ತರ್ಕದ ವಿದ್ಯಾರ್ಥಿ. ಅಣಕವಿರಲಿಲ್ಲ, ಅದಕ್ಕೇ ಹೆಚ್ಚು ನೋಯಿತು.

ಅದೇ ವಾರ ಧರ್ಮದರ್ಶಿಗಳು ಕರೆಸಿದರು. ಸುದ್ದಿ ಅಗ್ರಹಾರದ ಆಚೆಗೂ ಹೋಗಿತ್ತು. "ಸಂಕ್ರಾಂತಿ ಸುಳ್ಳು ಅಂತ ನಮ್ಮ ಪಾಠಶಾಲೇಲೇ ಪಾಠ ಆಗ್ತಿದೆ ಅಂತ ಕೃಷ್ಣಗಿರಿ ವಕೀಲರು ಕೇಳಿದ್ರು ರೀ. ನಾನೇನು ಹೇಳಲಿ? ಹಬ್ಬಕ್ಕೆ ಮುಂಚೆ ಕಂಬ ತೆಗೆಸಿ. ಅಳತೆ ತಪ್ಪಿತು ಅಂತ ಮಕ್ಕಳಿಗೆ ಹೇಳಿಬಿಡಿ, ಮುಗೀತು."

ಮನೆಗೆ ಬಂದು ಚಾಪೆಯ ಮೇಲೆ ಬಿದ್ದುಕೊಂಡೆ. ಟ್ರಂಕು ಕಟ್ಟಿ ಊರಿಗೆ ಹೊರಡುವ ಯೋಚನೆ ಬಂತು. ಬೆಂಗಳೂರಿನಿಂದ ದೊಡ್ಡ ಇಂಗ್ಲಿಷ್ ಪಂಚಾಂಗ ತರಿಸಿ ಅವರ ಮುಂದೆ ಹಿಡಿಯುವ ಯೋಚನೆಯೂ ಬಂತು. ಆದರೆ ಅದು ಮತ್ತೆ ನಮ್ಮ ಪುಸ್ತಕ, ನಿಮ್ಮ ಪುಸ್ತಕ ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು. ಜಗಲಿಯ ಮೇಲೆ ಗೀರುಗಳಿದ್ದವು. ಉತ್ತರವೂ ಅಲ್ಲೇ ಇತ್ತು. ನನಗೆ ಅದು ಮೋಡ ಕವಿದಿದ್ದಾಗಲೇ ಹೊಳೆದಿತ್ತು. ಬಾಯಿ ಬಿಟ್ಟು ಹೇಳಿದರೆ ಅದು ಒಕ್ಕಲಗೇರಿ ಮೇಷ್ಟ್ರ ಮಾತಾಗುತ್ತಿತ್ತು, ಅಷ್ಟೆ. ಹೇಳಬಾರದು ಎಂದು ತೀರ್ಮಾನಿಸಿದೆ.

ಮರುದಿನ ಹೆಡ್ ಪಂಡಿತರ ಮನೆಯ ಜಗಲಿಯ ಕೆಳಗೆ ನಿಂತು ಕೇಳಿದೆ. "ಈ ವಿಷಯವನ್ನು ವಾಕ್ಯಾರ್ಥಕ್ಕೆ ಇಡ್ತೀರಾ, ಪಂಡಿತರೇ?" ವಾಕ್ಯಾರ್ಥವೆಂದರೆ ತರ್ಕದವರ ವಾದಸಭೆ. ಒಬ್ಬ ಒಂದು ಪಕ್ಷ ಹಿಡಿಯುತ್ತಾನೆ, ಇನ್ನೊಬ್ಬ ಅದನ್ನು ಮುರಿಯುತ್ತಾನೆ. ಯಾವುದು ನಿಲ್ಲುತ್ತದೋ ಅದನ್ನು ಎಲ್ಲರೂ ಒಪ್ಪಬೇಕು.

"ನಿಮ್ಮ ಪಕ್ಷ ಯಾರು ಹೇಳ್ತಾರೆ? ನೀವು ಮಂಟಪಕ್ಕೆ ಬರೋ ಹಾಗಿಲ್ಲ."

"ನನ್ನ ಪಕ್ಷ ಅಂತ ಇಲ್ಲ. ಗೀರುಗಳಿವೆ, ಪಕ್ಕದಲ್ಲಿ ದಿನಾಂಕ ಇದೆ. ನಾನು ಇಂಥ ದಿನ ಅಂತ ಹೇಳೋದಿಲ್ಲ. ಹುಡುಗರು ನೋಡಿ ಹೇಳಲಿ."

ಅವರು "ಆಗಲಿ" ಎಂದರು.

ಸಂಕ್ರಾಂತಿಗೆ ಸ್ವಲ್ಪ ಮುಂಚೆ ಸಭೆ ನಡೆಯಿತು. ಅಷ್ಟು ದಿನವೂ ನಾವು ಗೀರು ಹಾಕುವುದನ್ನು ಬಿಟ್ಟಿರಲಿಲ್ಲ. ತಿಂಗಳ ಹಿಂದಿನ ಗೀರುಗಳ ಮೇಲೆ, ಹಿಂತಿರುಗಿ ಬರುವ ಬಿಲ್ಲೆ ಒಂದೊಂದಾಗಿ ಕೂರುತ್ತ ಬಂದಿತ್ತು. ಧರ್ಮದರ್ಶಿಗಳು ಬಂದು ಮಂಟಪದೊಳಗೆ ಹೋಗಿ ಕೂತರು. ನಾನು ಹೊರಗೋಡೆಯ ಕಿಟಕಿಯ ಕೆಳಗೆ ಒಂದು ಕಲ್ಲಿನ ಮೇಲೆ ಕೂತೆ. ಅಲ್ಲಿಂದ ಮಾತು ಕೇಳುತ್ತಿತ್ತು, ಮುಖಗಳು ಕಾಣುತ್ತಿರಲಿಲ್ಲ.

ಪಂಡಿತರು ಎಲ್ಲರೂ ಬೆರಗಾಗುವಂತೆ ಶುರುಮಾಡಿದರು. ನೆರಳಿನ ಪಕ್ಷ ಹಿಡಿಯುವಂತೆ ತರ್ಕದ ವಿದ್ಯಾರ್ಥಿಗೇ ಹೇಳಿದರು. ಅದನ್ನು ಮುರಿಯುವ ಪಕ್ಷ ತಾವೇ ಹಿಡಿದರು. ಅಲ್ಲಿಂದ ಮುಂದೆ ಎಲ್ಲ ಸಂಸ್ಕೃತ. ನನಗೆ ಬರುತ್ತಿದ್ದದ್ದು ಹೈಸ್ಕೂಲಿನಲ್ಲಿ ಕಲಿತ ನಾಲ್ಕು ಶಬ್ದ. ಛಾಯಾ ಎಂಬುದು ಕಿವಿಗೆ ಬೀಳುತ್ತಿತ್ತು, ಮೇಘ ಎಂಬುದು, ಅನುಮಾನ ಎಂಬುದು. ಬಿಸಿಲಿನಲ್ಲಿ ಮೊಣಕಾಲೂರಿ ನಾನು ಹಾಕಿದ ಗೀರುಗಳ ಮೇಲೆ, ನನಗೆ ತಿಳಿಯದ ಭಾಷೆಯಲ್ಲಿ, ನಾನು ಕಾಲಿಡದ ಮಂಟಪದಲ್ಲಿ ಜಗಳ ನಡೆಯುತ್ತಿತ್ತು. ಹುಡುಗನ ದನಿ ಮೊದಲು ತಡವರಿಸಿತು. ಪಂಡಿತರು ಒಂದರ ಮೇಲೊಂದು ಪ್ರಶ್ನೆ ಎಸೆದರು. ಒಂದು ಸಲ ಅವನು ಪೂರ್ತಿ ನಿಂತುಹೋದ. ನಾನು ಕಲ್ಲಿನಿಂದ ಎದ್ದು ನಿಂತೆ. ಎದ್ದು ಏನು ಮಾಡಬೇಕೆಂದಿದ್ದೆನೋ ತಿಳಿಯದು. ಆಮೇಲೆ ಅವನು ಎತ್ತರದ ದನಿಯಲ್ಲಿ "ವೃತ್ತ" ಎಂದ. ಮತ್ತೆ ಅದೇ ಶಬ್ದ. ಹುಡುಗರ ನಡುವೆ ಒಂದು ಅಲೆ ಎದ್ದ ಹಾಗಾಯಿತು.

ಕೊನೆಗೆ ಪಂಡಿತರು ಕನ್ನಡದಲ್ಲಿ ಮಾತಾಡಿದರು. ಧರ್ಮದರ್ಶಿಗಳಿಗಾಗಿ ಇರಬೇಕು, ಕಿಟಕಿಯ ಹೊರಗೂ ಸ್ಪಷ್ಟವಾಗಿ ಕೇಳುವಂತೆ.

"ಮೋಡದ ಹಿಂದೆ ಏನಾಯಿತು ನಿನಗೇನು ಗೊತ್ತು ಅಂತ ನಾನು ಕೇಳಿದೆ. ಇವನು ಹೇಳಿದ್ದು ಸರಿಯಾಗಿದೆ. ಬೆಳಿಗ್ಗೆ ಒಂದು ನೆರಳು, ಮಧ್ಯಾಹ್ನದ ಮೇಲೆ ಅದೇ ಅಳತೆಯ ಇನ್ನೊಂದು ನೆರಳು. ಎರಡರ ನಡುವೆ ನಡುಹಗಲು ಅಂತ ನಾವು ನೋಡದೇನೇ ಒಪ್ತೀವಿ. ಹಾಗೆಯೇ ಮಾರ್ಗಶಿರದಲ್ಲಿ ಒಂದು ನೆರಳು, ಈಗ ಅದೇ ಅಳತೆಯ ನೆರಳು. ಯಾವ ಜೋಡಿ ತಗೊಂಡರೂ ನಡುವಿನ ದಿನ ಒಂದೇ ಕಡೆ ಬರುತ್ತೆ, ಮೇಷ್ಟ್ರು ಪಾಠದಲ್ಲಿ ಹೇಳಿದ ದಿನದ ಹತ್ತಿರ. ಹೊಗೆ ಕಂಡು ಬೆಂಕಿ ಒಪ್ಪೋರು ಇದನ್ನು ಒಪ್ಪಲೇಬೇಕು."

"ಹಾಗಾದ್ರೆ ಹಬ್ಬ?" ಧರ್ಮದರ್ಶಿಗಳ ದನಿ.

"ಹಬ್ಬಕ್ಕೇನಾಯ್ತು? ಸೂರ್ಯ ಮಕರರಾಶಿಗೆ ಹೋಗೋದು ಸಂಕ್ರಾಂತಿ. ಅದು ಪಂಚಾಂಗದ ದಿನವೇ. ಅಯನ ತಿರುಗೋದು ಬೇರೆ. ಹಿಂದೆ ಎರಡೂ ಒಂದೇ ದಿನ ಬರ್ತಿತ್ತು, ಈಗ ದೂರ ಸರಿದಿದೆ. ಅಯನ ಚಲಿಸುತ್ತೆ ಅಂತ ನಮ್ಮ ಹಿರಿಯರೂ ಹೇಳಿದ್ದಾರೆ. ನಾವು ಓದಿ ಬಾಯಿಪಾಠ ಮಾಡಿದ್ವಿ, ಅಂಗಳಕ್ಕೆ ಬಂದು ನೋಡಲಿಲ್ಲ. ಕಂಬ ಇರಲಿ."

ತರ್ಕದ ವಿದ್ಯಾರ್ಥಿ ಹೊರಗೆ ಓಡಿ ಬಂದ. ಮುಖ ಬೆವರಿತ್ತು. "ಸಾರ್, ವೃತ್ತದ ಮಾತು ಹೊಳೆಯೋವರೆಗೆ ಸೋತೆ ಅಂತಲೇ ಅಂದ್ಕೊಂಡಿದ್ದೆ. ನಿಮಗೆ ಮೊದಲೇ ಗೊತ್ತಿತ್ತಾ?"

"ನೀನು ಹೇಳಿದ್ದು ಚೆನ್ನಾಗಿತ್ತು" ಎಂದೆ.

ಅವನು ಇನ್ನೂ ಏನೋ ಹೇಳಬೇಕೆಂದಿದ್ದ. ಒಳಗಿನಿಂದ ಗೆಳೆಯರು ಕೂಗಿದರು, ಹೋದ. ಅವತ್ತು ಪಾಠಶಾಲೆಯಲ್ಲಿ ಪಾಯಸ ಮಾಡಿದ್ದರು ಎಂದು ಆಮೇಲೆ ತಿಳಿಯಿತು.

ಆ ದಿನದಿಂದ ತರಗತಿ ಬದಲಾಯಿತು. ಹುಡುಗರು ನಿಯಮ ಒಪ್ಪಿಸುವುದನ್ನು ಬಿಟ್ಟು, ಅದನ್ನು ಮುರಿಯಲು ನೋಡುತ್ತಿದ್ದರು. ಗಾಳಿಗೆ ತೂಕವಿದೆ ಎಂದರೆ ಒಂದು ಗುಂಪು ಇಲ್ಲವೆಂದು ವಾದ ಹೂಡುತ್ತಿತ್ತು. ಕೊನೆಗೆ ತಕ್ಕಡಿ ತರಬೇಕಾಗುತ್ತಿತ್ತು. ಇಲಾಖೆಯ ಇನ್‌ಸ್ಪೆಕ್ಟರು ಬಂದು ಎರಡು ಗಂಟೆ ಕೂತು ಎದ್ದರು. ಮಾನ್ಯತೆ ಸಿಕ್ಕಿತು.

ಮಾನ್ಯತೆ ಸಿಕ್ಕಿದ ಮೇಲೆ ಪಾಠಶಾಲೆಗೆ ಬರಲು ಜನ ಸಿಕ್ಕರು. ಬೇಸಿಗೆ ರಜೆಗೆ ಮುಂಚೆ ಧರ್ಮದರ್ಶಿಗಳು ನನ್ನನ್ನು ಕರೆಸಿ, ಸೇಲಂ ಕಡೆಯಿಂದ ತಮ್ಮವರೇ ಒಬ್ಬ ಪದವೀಧರರು ಬರುತ್ತಿರುವುದಾಗಿ ಹೇಳಿದರು. ನನ್ನ ಕೆಲಸವನ್ನು ಹೊಗಳಿದರು. ಅದು ಬರಿಯ ಬಾಯಿಮಾತಾಗಿರಲಿಲ್ಲ. ನಾನು ನಮಸ್ಕಾರ ಹೇಳಿ ಬಂದೆ.

ಅಜ್ಜಿ ಟ್ರಂಕು ಕಟ್ಟುವುದನ್ನು ನೋಡುತ್ತ ಬಾಗಿಲಲ್ಲಿ ಕೂತಿದ್ದಳು. "ಓಯ್ತೀಯಾ? ಓಗಪ್ಪ. ನಿಮ್ಮವ್ವನ್ ಕೈಯಾಗೆ ಒಂದ್ ತುತ್ ಬಿಸಿಯಾಗ್ ಉಣ್ಣು" ಎಂದಳು.

ಬಸ್ಸಿನ ರಸ್ತೆಗೆ ಬಂದಾಗ ಹುಣಸೆಮರದ ಕೆಳಗೆ ಹೆಡ್ ಪಂಡಿತರು ನಿಂತಿದ್ದರು. ಏರಿ ದಾಟಿ ಅಷ್ಟು ದೂರ ಅವರು ನಡೆದು ಬರುವವರಲ್ಲ. ಇದ್ದಿಲ ಗ್ಯಾಸಿನ ಬಸ್ಸು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಇಬ್ಬರೂ ಸುಮ್ಮನೆ ನಿಂತೆವು. ನಮಗೆ ಅದು ರೂಢಿಯಾಗಿತ್ತು.

ದೂರದಲ್ಲಿ ಹೊಗೆ ಕಂಡಾಗ ಅವರು ಕೇಳಿದರು. "ಮೇಷ್ಟ್ರೇ, ದಿನಾ ಗೀರು ಹಾಕಿದ ಮೇಲೆ ನಾನು ಒಳಗೆ ಹೋಗ್ತಿದ್ದೆ. ನೀವು ಎಲ್ಲಿ ಊಟ ಮಾಡ್ತಿದ್ರಿ?"

ಒಂದು ವರ್ಷದಲ್ಲಿ ಆ ಪ್ರಶ್ನೆಯನ್ನು ಪಾಠಶಾಲೆಯ ಯಾರೂ ಕೇಳಿರಲಿಲ್ಲ.

"ಅಲ್ಲೇ, ಹೊಂಗೆಮರದ ಕೆಳಗೆ."

"ಒಬ್ಬರೇ?"

"ಒಬ್ಬನೇ."

ಅವರು ರಸ್ತೆಯ ಕಡೆಗೇ ನೋಡುತ್ತ, "ಇದನ್ನು ನೋಡೋಕೆ ಮೋಡವೇನೂ ಅಡ್ಡ ಇರಲಿಲ್ಲ" ಎಂದರು. ಉತ್ತರೀಯದ ತುದಿಯಿಂದ ಮುಖ ಒರೆಸಿಕೊಂಡರು. ಬಸ್ಸು ನಿಂತಿತು. ಟ್ರಂಕನ್ನು ಮೇಲಕ್ಕೆ ಎತ್ತಲು ಕಂಡಕ್ಟರ್ ಇಳಿಯುವ ಮೊದಲೇ ಅವರು ಬಗ್ಗಿ ಅದರ ಒಂದು ಹಿಡಿಗೆ ಕೈಹಾಕಿದರು. ನಾನು ಇನ್ನೊಂದು ಹಿಡಿದೆ. ಇಬ್ಬರೂ ಸೇರಿ ಎತ್ತಿ ಕೊಟ್ಟೆವು.